ಒಂದೇ ಹಳಿಯ ಮೇಲೆ ಎರಡು ಎಂಜಿನ್: ಪುಟ್ಟ ಮಾದರಿ ರೈಲಿಗೆ ಡಿಜಿಟಲ್ ನಿಯಂತ್ರಣ ಮತ್ತು ಅದರ ನಕ್ಷೆ

ಸುಬ್ರಹ್ಮಣ್ಯ ರೋಡ್ ಕಡೆಯಿಂದ ಘಾಟಿ ಏರಿ ಬಂದ ಗೂಡ್ಸ್ ರೈಲು ಸಕಲೇಶಪುರ ನಿಲ್ದಾಣದಲ್ಲಿ ನಿಂತ ಮೇಲೆ ನಡೆಯುವ ಒಂದು ಸಣ್ಣ ಕೆಲಸ ಪ್ಲಾಟ್‌ಫಾರಂ ಮೇಲಿರುವವರ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದಿಲ್ಲ. ಮುಂದಿನ ಎಂಜಿನ್ ಗುಡುಗುಡು ಸದ್ದು ಮಾಡುತ್ತಾ ನಿಂತೇ ಇರುತ್ತದೆ. ಏರುದಾರಿಯುದ್ದಕ್ಕೂ ಹಿಂದಿನಿಂದ ತಳ್ಳಿಕೊಂಡು ಬಂದ ಬ್ಯಾಂಕರ್ ಎಂಜಿನ್ ಮಾತ್ರ ಕೊಂಡಿ ಬಿಡಿಸಿಕೊಂಡು ಹಿಂದಕ್ಕೆ ಸರಿದು ಪಕ್ಕದ ಲೈನಿಗೆ ಹೋಗುತ್ತದೆ. ನಿಜವಾದ ರೈಲ್ವೆಯಲ್ಲಿ ಇದರಲ್ಲಿ ವಿಶೇಷವೇನೂ ಇಲ್ಲ, ಏಕೆಂದರೆ ಎರಡೂ ಎಂಜಿನ್‌ಗಳಲ್ಲಿ ಬೇರೆಬೇರೆ ಚಾಲಕರು ಕುಳಿತಿರುತ್ತಾರೆ. ಇದೇ ದೃಶ್ಯವನ್ನು ಮನೆಯ ಮೇಜಿನ ಮೇಲೆ ಮಾದರಿ ರೈಲಿನಿಂದ ಮಾಡಿ ತೋರಿಸಲು ಹೊರಟವರಿಗೆ ಮಾತ್ರ ಮೊದಲ ದಿನವೇ ಒಂದು ಕಷ್ಟ ಎದುರಾಗುತ್ತದೆ: ಬ್ಯಾಂಕರ್ ಹಿಂದಕ್ಕೆ ಚಲಿಸಲಿ ಎಂದು ಗುಂಡಿ ತಿರುಗಿಸಿದರೆ ಮುಂದಿನ ಎಂಜಿನ್ ಕೂಡ ಅದರೊಂದಿಗೇ ಹಿಂದಕ್ಕೆ ಬರುತ್ತದೆ.

ಡಿಸಿ ಎಂದು ಕರೆಯುವ ಹಳೆಯ ಪದ್ಧತಿಯ ಮಾದರಿ ರೈಲಿನಲ್ಲಿ ಚಾಲಕ ಎಂಜಿನ್ನಿನೊಳಗೆ ಇಲ್ಲದಿರುವುದೇ ಇದಕ್ಕೆ ಕಾರಣ. ಅಲ್ಲಿ ಎರಡು ಹಳಿಗಳೇ ಎರಡು ತಂತಿಗಳಿದ್ದಂತೆ. ಕಂಟ್ರೋಲರ್ ಹಳಿಗೆ ಕೊಡುವ ವೋಲ್ಟೇಜ್ ಹೆಚ್ಚಾದರೆ ವೇಗ ಹೆಚ್ಚುತ್ತದೆ. ಧನ-ಋಣ ಅದಲುಬದಲಾದರೆ ದಿಕ್ಕು ಬದಲಾಗುತ್ತದೆ. ಆ ಹಳಿಯ ಮೇಲೆ ಎಷ್ಟು ಎಂಜಿನ್‌ಗಳಿದ್ದರೂ ಎಲ್ಲವೂ ಒಂದೇ ಆಜ್ಞೆಯನ್ನು ಪಾಲಿಸುತ್ತವೆ. ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ಹಾಕಿಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪಂಪಿನ ಬಳಿ ಒಂದೇ ವಾಲ್ವ್ ಇದ್ದರೆ ಅದನ್ನು ತೆರೆದಾಗ ಲೈನಿನಲ್ಲಿರುವ ಜೆಟ್‌ಗಳೆಲ್ಲ ಒಟ್ಟಿಗೆ ತಿರುಗುತ್ತವೆ, ಮುಚ್ಚಿದಾಗ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಒಂದೊಂದನ್ನೂ ಪ್ರತ್ಯೇಕವಾಗಿ ನಡೆಸಬೇಕೆಂದರೆ ಎರಡು ದಾರಿಗಳಿವೆ. ಪೈಪನ್ನು ತುಂಡುತುಂಡಾಗಿ ವಿಂಗಡಿಸಿ ಪ್ರತಿ ತುಂಡಿಗೂ ವಾಲ್ವ್ ಇಡುವುದು ಒಂದು. ಪೈಪಿನಲ್ಲಿ ಸದಾ ಪೂರ್ತಿ ಒತ್ತಡವಿಟ್ಟು, ಪ್ರತಿ ಜೆಟ್ಟಿನ ಬುಡದಲ್ಲೇ ಹೆಸರು ಹಿಡಿದು ಕರೆದಾಗ ಮಾತ್ರ ತೆರೆಯುವ ವಾಲ್ವ್ ಇಡುವುದು ಇನ್ನೊಂದು. ಮೊದಲನೆಯದು ಹಳೆಯ ಬ್ಲಾಕ್ ಪದ್ಧತಿ. ಎರಡನೆಯದು ಡಿಸಿಸಿ ಎಂದು ಕರೆಯಲಾಗುವ ಡಿಜಿಟಲ್ ಕಮಾಂಡ್ ಕಂಟ್ರೋಲ್.

ಡಿಜಿಟಲ್ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಕ್ಯಾಟಲಾಗ್ ನೋಡಿ ಉತ್ತರ ಹುಡುಕುವುದಕ್ಕಿಂತ ಮೇಜಿನ ಮೇಲೆ ರೈಲುಗಳು ಏನು ಮಾಡಬೇಕೆಂದು ಮೊದಲು ಕಾಗದದಲ್ಲಿ ಬರೆದುಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಒಂದು ಉದಾಹರಣೆಯನ್ನು ನೋಡೋಣ. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಓಡಲಾರಂಭಿಸಿದ ಸುಮಾರು 46 ಕಿಲೋಮೀಟರ್‌ಗಳ ಕವಲು ದಾರಿಯ ಕೊನೆಯ ನಿಲ್ದಾಣವನ್ನು ಮಾದರಿಯಾಗಿ ತೆಗೆದುಕೊಂಡರೆ, ಪ್ಯಾಸೆಂಜರ್ ರೈಲೊಂದು ಬರುತ್ತದೆ, ಎಂಜಿನ್ ಬಿಡಿಸಿಕೊಂಡು ಪಕ್ಕದ ಲೈನಿನಲ್ಲಿ ಸುತ್ತಿಬಂದು ಇನ್ನೊಂದು ತುದಿಗೆ ಸೇರಿಕೊಳ್ಳುತ್ತದೆ, ಮತ್ತೆ ಹೊರಡುತ್ತದೆ. ಇಷ್ಟು ಹೊತ್ತೂ ಮೇಜಿನ ಮೇಲೆ ಚಲಿಸುವುದು ಒಂದೇ ಎಂಜಿನ್. ಇಂಥ ಮಾದರಿಗೆ ಒಳ್ಳೆಯ ಸಾಧಾರಣ ಡಿಸಿ ಕಂಟ್ರೋಲರ್ ಒಂದು ಸಾಕು. ಡಿಜಿಟಲ್‌ಗೆ ಸುರಿಯುವ ಹಣವನ್ನು ಒಳ್ಳೆಯ ಹಳಿಗೆ ಮತ್ತು ಇನ್ನೆರಡು ಬೋಗಿಗಳಿಗೆ ಹಾಕುವುದು ಲೇಸು. ಎಂಜಿನ್ನಿನ ಶಬ್ದ ಮತ್ತು ನಿಂತಲ್ಲೂ ಉರಿಯುವ ದೀಪ ಬೇಕೇಬೇಕು ಎನ್ನುವವರ ಮಾತು ಬೇರೆ.

ಸಕಲೇಶಪುರದ ದೃಶ್ಯ ಹಾಗಲ್ಲ. ಅಲ್ಲಿ ಪ್ಲಾಟ್‌ಫಾರಂ ಲೈನಿನಲ್ಲಿ ಪ್ಯಾಸೆಂಜರ್ ಕಾಯುತ್ತಿರಬೇಕು, ಪಕ್ಕಕ್ಕೆ ಕವಲೊಡೆದು ಮತ್ತೆ ಮುಖ್ಯ ದಾರಿಗೇ ಸೇರುವ ಲೂಪ್ ಲೈನಿಗೆ ಗೂಡ್ಸ್ ಬಂದು ನಿಲ್ಲಬೇಕು, ಅದರ ಬಾಲದಿಂದ ಬ್ಯಾಂಕರ್ ಬಿಡಿಸಿಕೊಳ್ಳಬೇಕು. ಇದನ್ನು ಬ್ಲಾಕ್ ಪದ್ಧತಿಯಲ್ಲಿ ಮಾಡಲು ಪ್ಲಾಟ್‌ಫಾರಂ ಲೈನಿಗೆ ಒಂದು, ಲೂಪ್ ಲೈನಿನ ಮುಂದಿನ ಅರ್ಧಕ್ಕೆ ಒಂದು, ಹಿಂದಿನ ತುದಿಗೆ ಒಂದು, ಬ್ಯಾಂಕರ್ ಸೈಡಿಂಗಿಗೆ ಒಂದು, ಎರಡೂ ಕಡೆಯ ಮುಖ್ಯ ದಾರಿಗೆ ಒಂದೊಂದು ಎಂದು ಕನಿಷ್ಠ ಆರು ವಿಭಾಗಗಳನ್ನು ಮಾಡಿ, ಪ್ರತಿ ವಿಭಾಗಕ್ಕೂ ಒಂದು ಸ್ವಿಚ್ ಇಟ್ಟು, ಯಾವ ವಿಭಾಗ ಯಾವ ಕಂಟ್ರೋಲರಿಗೆ ಸೇರಿದೆ ಎಂಬುದನ್ನು ರೈಲು ಓಡಿಸುವವನು ಸದಾ ನೆನಪಿಟ್ಟುಕೊಳ್ಳಬೇಕು. ಅಷ್ಟು ಮಾಡಿದರೂ ಗೂಡ್ಸ್ ರೈಲು ಇನ್ನೊಂದು ಬೋಗಿಯಷ್ಟು ಹೆಚ್ಚು ಉದ್ದವಾದರೆ ಬ್ಯಾಂಕರ್ ನಿಲ್ಲುವ ಜಾಗ ವಿಭಾಗದ ಗೆರೆಯನ್ನು ದಾಟಿ, ಲೆಕ್ಕವೆಲ್ಲ ತಪ್ಪುತ್ತದೆ. ಮಾದರಿಯ ಗಾತ್ರ ಚಿಕ್ಕದಾದಷ್ಟೂ ಎಂಜಿನ್‌ಗಳು ಒಂದಕ್ಕೊಂದು ಹತ್ತಿರ ಬರುವುದರಿಂದ ಈ ತೊಡಕು ಹೆಚ್ಚುತ್ತದೆ. ಡಿಜಿಟಲ್ ದೊಡ್ಡ ಮಾದರಿಗಳಿಗೆ ಮಾತ್ರ ಎಂಬ ನಂಬಿಕೆ ಈ ಕಾರಣಕ್ಕೆ ಸರಿಯಲ್ಲ. ಚದರಡಿ ಎಷ್ಟು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ; ಒಂದೇ ತುಂಡು ಹಳಿಯ ಮೇಲೆ ಎರಡು ಎಂಜಿನ್ ಬೇರೆಬೇರೆ ಕೆಲಸ ಮಾಡಬೇಕೇ ಎಂಬುದಷ್ಟೇ ಮುಖ್ಯ.

ಹಳಿಯಲ್ಲಿ ಹರಿಯುವುದು ಏನು

ಡಿಸಿಸಿಯಲ್ಲಿ ಹಳಿಗೆ ಎಲ್ಲ ಕಾಲಕ್ಕೂ ಪೂರ್ತಿ ವೋಲ್ಟೇಜ್ ಇರುತ್ತದೆ. ಎನ್ ಅಳತೆಗೆ (ನಿಜವಾದ ರೈಲಿನ 160ನೆಯ ಒಂದು ಭಾಗ) ಸುಮಾರು 12 ವೋಲ್ಟ್, ಎಚ್‌ಒ ಅಳತೆಗೆ (87ನೆಯ ಒಂದು ಭಾಗ) ಸುಮಾರು 14ರಿಂದ 16 ವೋಲ್ಟ್. ಆದರೆ ಧನ-ಋಣಗಳು ಸೆಕೆಂಡಿಗೆ ಸಾವಿರಾರು ಸಲ ಅದಲುಬದಲಾಗುತ್ತಿರುತ್ತವೆ. ಮಾಹಿತಿ ಅಡಗಿರುವುದು ಆ ಅದಲುಬದಲಿನ ನಡುವಿನ ಕಾಲದಲ್ಲಿ. ಒಂದು ಸಲ ಧನವಾಗಿ, ಒಂದು ಸಲ ಋಣವಾಗಿ ತಲಾ 58 ಮೈಕ್ರೋಸೆಕೆಂಡ್ ನಿಂತರೆ ಅದು 1. ತಲಾ 100 ಮೈಕ್ರೋಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ನಿಂತರೆ ಅದು 0. ಈ 1 ಮತ್ತು 0ಗಳನ್ನು ಪೋಣಿಸಿ ಆಜ್ಞೆಗಳನ್ನು ರೂಪಿಸುವ ಕಮಾಂಡ್ ಸ್ಟೇಷನ್ ಎಂಬ ಸಾಧನ ಪುಟ್ಟ ಪುಟ್ಟ ಟಪಾಲುಗಳನ್ನು ಕಳುಹಿಸುತ್ತದೆ: ಮೊದಲು ಎಚ್ಚರಿಸಲು ಸಾಲಾಗಿ 1ಗಳು, ಆಮೇಲೆ ವಿಳಾಸ, ಆಮೇಲೆ ಆಜ್ಞೆ, ಕೊನೆಗೆ ದಾರಿಯಲ್ಲಿ ಏನಾದರೂ ಕೆಟ್ಟಿದೆಯೇ ಎಂದು ತಾಳೆ ನೋಡುವ ಒಂದು ಅಂಕಿ. ಒಂದು ಟಪಾಲಿಗೆ ಐದರಿಂದ ಎಂಟು ಮಿಲಿಸೆಕೆಂಡ್ ಸಾಕಾಗುವುದರಿಂದ ಸೆಕೆಂಡಿಗೆ ನೂರಕ್ಕೂ ಹೆಚ್ಚು ಆಜ್ಞೆಗಳು ಹೋಗುತ್ತವೆ, ಮತ್ತು ಕಮಾಂಡ್ ಸ್ಟೇಷನ್ ಹಳೆಯ ಆಜ್ಞೆಗಳನ್ನೇ ಮತ್ತೆ ಮತ್ತೆ ಹೇಳುತ್ತಿರುತ್ತದೆ. ಚಕ್ರದ ಕೆಳಗೆ ಧೂಳು ಸಿಕ್ಕಿ ಒಂದು ಆಜ್ಞೆ ತಪ್ಪಿಹೋದರೂ ಮರುಕ್ಷಣದಲ್ಲೇ ಅದು ಇನ್ನೊಮ್ಮೆ ತಲುಪುತ್ತದೆ.

ಎಂಜಿನ್ನಿನ ಒಳಗಿರುವ ಡಿಕೋಡರ್ ಎಂಬ ಉಗುರಿನಷ್ಟಗಲದ ಸರ್ಕ್ಯೂಟ್ ಎಲ್ಲ ಟಪಾಲುಗಳನ್ನೂ ಓದುತ್ತದೆ, ತನ್ನ ವಿಳಾಸದ್ದಲ್ಲದ್ದನ್ನು ಬಿಡುತ್ತದೆ, ತನ್ನದಕ್ಕೆ ತಕ್ಕಂತೆ ಮೋಟಾರಿಗೆ ವಿದ್ಯುತ್ ಅಳೆದು ಕೊಡುತ್ತದೆ. ಚಾಲಕ ಎಂಜಿನ್ನಿನೊಳಗೆ ಬಂದು ಕುಳಿತಂತಾಯಿತು. ವೇಗವನ್ನು 128 ಹಂತಗಳಲ್ಲಿ ಹೇಳಬಹುದಾದ್ದರಿಂದ ನಿಧಾನಗತಿಯ ಓಟ ನಯವಾಗುತ್ತದೆ. ಇದು ಘಾಟಿಯ ರೈಲಿಗೆ ಬಹಳ ಮುಖ್ಯ. ಗಂಟೆಗೆ 30 ಕಿಲೋಮೀಟರ್ ವೇಗದ ನಿಜವಾದ ರೈಲು ಎನ್ ಅಳತೆಯಲ್ಲಿ ಸೆಕೆಂಡಿಗೆ ಕೇವಲ 5.2 ಸೆಂಟಿಮೀಟರ್ ಚಲಿಸಬೇಕು; ಹೊಸಬರು ಓಡಿಸುವ ಮಾದರಿ ರೈಲುಗಳಲ್ಲಿ ಹೆಚ್ಚಿನವು ಇದರ ಐದಾರು ಪಟ್ಟು ವೇಗದಲ್ಲಿ ಓಡುತ್ತಿರುತ್ತವೆ.

ಈ ಭಾಷೆಯನ್ನು ಜರ್ಮನಿಯ ಲೆಂಝ್ ಕಂಪನಿಯ ವಿನ್ಯಾಸದ ಆಧಾರದ ಮೇಲೆ ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಎಲ್ಲರಿಗೂ ತೆರೆದ ಮಾನದಂಡವಾಗಿ ಪ್ರಕಟಿಸಿತು. ಹೀಗಾಗಿ ಯಾವ ಕಂಪನಿಯ ಡಿಕೋಡರ್ ಆದರೂ ಯಾವ ಕಂಪನಿಯ ಕಮಾಂಡ್ ಸ್ಟೇಷನ್‌ನ ಮಾತನ್ನಾದರೂ ಕೇಳುತ್ತದೆ. ಆದರೆ ಈ ಸೌಹಾರ್ದ ಹಳಿಯವರೆಗೆ ಮಾತ್ರ. ಕೈಯಲ್ಲಿ ಹಿಡಿದು ವೇಗ, ದಿಕ್ಕು ಹೇಳುವ ಥ್ರಾಟಲ್‌ನಿಂದ ಕಮಾಂಡ್ ಸ್ಟೇಷನ್ ತಲುಪುವ ತಂತಿಯಲ್ಲಿ ಡಿಜಿಟ್ರ್ಯಾಕ್ಸ್‌ನದು ಲೋಕೋನೆಟ್, ಲೆಂಝ್‌ನದು ಎಕ್ಸ್‌ಪ್ರೆಸ್‌ನೆಟ್ ಎಂದು ಬೇರೆಬೇರೆ ಭಾಷೆಗಳಿವೆ. ಆದ್ದರಿಂದ ಕಮಾಂಡ್ ಸ್ಟೇಷನ್ ಕೊಂಡ ದಿನವೇ ಮುಂದಿನ ಥ್ರಾಟಲ್‌ಗಳ ಮನೆತನವೂ ನಿಶ್ಚಯವಾಗಿರುತ್ತದೆ.

ಯಾವುದನ್ನು ಕೊಳ್ಳಬೇಕು

ನಮ್ಮ ಊರುಗಳ ಆಟಿಕೆ ಅಂಗಡಿಗಳಲ್ಲಿ ಸಿಗುವುದು ಬ್ಯಾಟರಿ ರೈಲು. ಡಿಸಿಸಿ ಸಾಮಾನುಗಳನ್ನು ಹೊರಗಿನಿಂದ ತರಿಸಬೇಕಾಗುತ್ತದೆ. ಸುಂಕ ಸೇರಿದಾಗ ಬೆಲೆ ಏರುತ್ತದೆ, ಕೆಟ್ಟರೆ ವಾಪಸ್ ಕಳುಹಿಸುವುದು ತೊಂದರೆಯ ಕೆಲಸ. ಹೀಗಾಗಿ ಕೊಳ್ಳುವ ಮುನ್ನ ನಿಜವಾಗಿ ಎಷ್ಟು ಶಕ್ತಿ ಬೇಕೆಂದು ಲೆಕ್ಕ ಹಾಕುವುದು ಒಳ್ಳೆಯದು. ಓಡುತ್ತಿರುವ ಇಂದಿನ ಮಾದರಿ ಎಂಜಿನ್ ಸಾಮಾನ್ಯವಾಗಿ ಅರ್ಧ ಆಂಪಿಯರ್‌ಗಿಂತ ಕಡಿಮೆ ಎಳೆಯುತ್ತದೆ, ಎನ್ ಅಳತೆಯದು ಇನ್ನೂ ಕಡಿಮೆ. ಮೂರು ಎಂಜಿನ್‌ಗಳಿದ್ದು, ಒಮ್ಮೆಗೆ ಎರಡು ಮಾತ್ರ ಚಲಿಸುವ ಮಾದರಿಗೆ 2 ಆಂಪಿಯರ್‌ನ ಆರಂಭದ ಸೆಟ್ ಧಾರಾಳವಾಗಿ ಸಾಕು. 5 ಆಂಪಿಯರ್‌ನದು ದೊಡ್ಡದಾದ್ದರಿಂದ ಉತ್ತಮ ಎಂದು ಭಾವಿಸುವುದು ತಪ್ಪು. ಪುಟ್ಟ ಎನ್ ಎಂಜಿನ್‌ಗಳಿರುವ ಕಡೆ ಅದು ಅನವಶ್ಯಕ ಅಪಾಯವೂ ಹೌದು.

ಎನ್‌ಸಿಇ ಕಂಪನಿಯ ಪವರ್ ಕ್ಯಾಬ್‌ನಂಥವುಗಳಲ್ಲಿ ಕೈಯಲ್ಲಿ ಹಿಡಿಯುವ ಸಾಧನದೊಳಗೇ ಎಲ್ಲವೂ ಇರುತ್ತದೆ. ಗುಂಡಿ ಹಿಡಿದು ಓಡಿಸುವ ಸುಖ ಬೇಕೆನ್ನುವವರಿಗೆ ಅದು ಹಿತ. ರೋಕೋದ ಜ಼ಡ್21 ಮೊಬೈಲ್ ಅಥವಾ ಟ್ಯಾಬ್ಲೆಟ್‌ನ ಪರದೆಯಿಂದ ಓಡಿಸುವವರಿಗಾಗಿ ರೂಪಿಸಿದ್ದು. ಮೂರನೆಯ ದಾರಿ ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿಯಲು ಹೆದರದವರದು: ಡಿಸಿಸಿ-ಇಎಕ್ಸ್ ಎಂಬ ಉಚಿತ ತಂತ್ರಾಂಶವನ್ನು ಆರ್ಡುಇನೋ ಮೆಗಾ ಎಂಬ ಪುಟ್ಟ ಕಂಪ್ಯೂಟರ್ ಫಲಕಕ್ಕೆ ತುಂಬಿ, ಅದರ ಮೇಲೆ ಹಳಿಗೆ ವಿದ್ಯುತ್ ಕೊಡುವ ಮೋಟಾರ್ ಶೀಲ್ಡ್ ಎಂಬ ಇನ್ನೊಂದು ಫಲಕ ಕೂರಿಸಿದರೆ ಕಮಾಂಡ್ ಸ್ಟೇಷನ್ ಸಿದ್ಧವಾಗುತ್ತದೆ. ಇದರ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ಸಿಗುತ್ತವೆ, ಕೆಟ್ಟರೆ ಒಂದು ಫಲಕ ಬದಲಾಯಿಸಿದರೆ ಮುಗಿಯಿತು, ವೈಫೈ ಸೇರಿಸಿದರೆ ಹಳೆಯ ಆಂಡ್ರಾಯ್ಡ್ ಫೋನ್ ಥ್ರಾಟಲ್ ಆಗುತ್ತದೆ. ಹಾಸನದಂಥ ಊರಿನಲ್ಲಿ ಕುಳಿತು ಈ ಹವ್ಯಾಸ ನಡೆಸುವವರಿಗೆ ನಾನು ಸೂಚಿಸುವುದು ಇದನ್ನೇ. ಒಂದು ಎಚ್ಚರಿಕೆ ಮಾತ್ರ ಬೇಕು: ಹಳೆಯ ಮಾದರಿಯ ಮೋಟಾರ್ ಶೀಲ್ಡ್‌ಗಳಲ್ಲಿ ವಿನ್ ಎಂದು ಗುರುತಿಸಿದ ಸಂಪರ್ಕವನ್ನು ಕತ್ತರಿಸದೆ ಹಳಿಯ ವಿದ್ಯುತ್ ಜೋಡಿಸಿದರೆ, ಅದು ಕೆಳಗಿನ ಆರ್ಡುಇನೋಗೂ ನುಗ್ಗಿ ಅದನ್ನು ಕೆಡಿಸಬಹುದು.

ಯಾವ ಸೆಟ್ ಆದರೂ ಅದರ ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದು ಬರೆದಿದೆಯೇ ನೋಡಬೇಕು. ಅಮೆರಿಕದ 120 ವೋಲ್ಟ್‌ಗೆ ಮಾತ್ರ ಮಾಡಿದ ಅಡಾಪ್ಟರ್ ನಮ್ಮ 230 ವೋಲ್ಟ್‌ನ ಗೋಡೆಯಲ್ಲಿ ಒಂದು ನಿಮಿಷವೂ ಬಾಳುವುದಿಲ್ಲ.

ನಕ್ಷೆ: ರೈಲಿನ ಉದ್ದದಿಂದ ಆರಂಭಿಸಿ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ. ಅದನ್ನು 1:87ರ ಎಚ್‌ಒ ಅಳತೆಗೆ ಇಳಿಸಿದರೆ 630 ಮೀಟರ್, 1:160ರ ಎನ್ ಅಳತೆಗೆ ಇಳಿಸಿದರೆ 340 ಮೀಟರ್ ಹಳಿ ಬೇಕಾಗುತ್ತದೆ. ಆದ್ದರಿಂದ ಘಾಟಿಯನ್ನು ಮಾಡುವ ಆಸೆ ಬಿಟ್ಟು, ಒಂದು ನಿಲ್ದಾಣ ಮತ್ತು ಅದರಾಚೆಯ ಒಂದು ಸುರಂಗದ ಬಾಯಿಗೆ ತೃಪ್ತಿಪಡಬೇಕು. ಹೆಚ್ಚಿನ ನಕ್ಷೆಗಳು ಕೆಡುವುದು ಇಲ್ಲಿಯೇ. ಜನ ಮೊದಲು ಅಂಡಾಕಾರದ ಸುತ್ತು ಬರೆದು, ಅದರೊಳಗೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್‌ಗಳನ್ನು ತುಂಬಿ, ಕೊನೆಗೆ ಆ ಲೂಪಿನಲ್ಲಿ ಎಷ್ಟು ಬೋಗಿ ಹಿಡಿಸುತ್ತದೆಂದು ನೋಡುತ್ತಾರೆ. ಇದಕ್ಕೆ ವಿರುದ್ಧ ದಿಕ್ಕಿನಿಂದ ಹೊರಡಬೇಕು.

ನಮ್ಮ ಪ್ರಯಾಣಿಕ ರೈಲುಗಳಲ್ಲಿ ಕಾಣುವ ಐಸಿಎಫ್ ಬೋಗಿಯ ಉದ್ದ 21.3 ಮೀಟರ್. ಎಚ್‌ಒ ಅಳತೆಯಲ್ಲಿ ಅದು 245 ಮಿಲಿಮೀಟರ್, ಎನ್ ಅಳತೆಯಲ್ಲಿ 133 ಮಿಲಿಮೀಟರ್. ಒಂದು ಎಂಜಿನ್, ನಾಲ್ಕು ಬೋಗಿಗಳ ರೈಲು ಎಂದರೆ ಎಚ್‌ಒದಲ್ಲಿ 1.2 ಮೀಟರ್, ಎನ್‌ನಲ್ಲಿ ಸುಮಾರು 66 ಸೆಂಟಿಮೀಟರ್. ಲೂಪ್ ಲೈನಿನ ಎರಡು ತುದಿಗಳ ಪಾಯಿಂಟ್‌ಗಳಿಗೂ, ಪಕ್ಕದ ರೈಲಿಗೆ ಉಜ್ಜದಂತೆ ಬಿಡಬೇಕಾದ ಅಂತರಕ್ಕೂ ಸೇರಿಸಿ ಇನ್ನೂ ಅರ್ಧ ಮೀಟರಿನಿಂದ ಮುಕ್ಕಾಲು ಮೀಟರ್ ಬೇಕು. ತಿರುವಿನ ತ್ರಿಜ್ಯ ಅತಿ ಉದ್ದದ ಬೋಗಿಯ ಮೂರು ಪಟ್ಟಾದರೂ ಇದ್ದರೆ ರೈಲು ನೋಡಲು ಚೆನ್ನ ಎಂಬುದು ಹವ್ಯಾಸಿಗಳ ರೂಢಿಯ ಲೆಕ್ಕ. ಅದರಂತೆ ಎಚ್‌ಒದಲ್ಲಿ 735 ಮಿಲಿಮೀಟರ್ ತ್ರಿಜ್ಯ, ಅಂದರೆ ಒಂದೂವರೆ ಮೀಟರ್ ಅಗಲದ ಮೇಜು ಬೇಕು. ಮನೆಯ ಅಟ್ಟದಲ್ಲೋ ಕೋಣೆಯ ಗೋಡೆ ಬದಿಯಲ್ಲೋ ಜಾಗ ಹುಡುಕುವವರಿಗೆ ಇದು ಕಷ್ಟ. ಇಡೀ ಉದ್ದದ ಬೋಗಿಗಳೇ ಬೇಕೆಂದರೆ ಎನ್ ಅಳತೆಯೇ ಸರಿ.

ಇಲ್ಲಿ ಒಂದು ಅಡ್ಡಮಾತು ಹೇಳಬೇಕು. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 1:160ರಲ್ಲಿ ಅದು 10.5 ಮಿಲಿಮೀಟರ್ ಆಗಬೇಕು, ಆದರೆ ಎನ್ ಹಳಿ 9 ಮಿಲಿಮೀಟರ್ ಮಾತ್ರ. ಬೋಗಿಯ ಕೆಳಗೆ ಹಳಿ ಸ್ವಲ್ಪ ಕಿರಿದಾಗಿ ಕಾಣುವುದನ್ನು ಸಹಿಸಿಕೊಳ್ಳಬೇಕು. ಹಾಸನ–ಮಂಗಳೂರು ದಾರಿ 1979ರಲ್ಲಿ ಪೂರ್ಣಗೊಂಡಾಗ ಮೀಟರ್‌ಗೇಜ್ ಆಗಿತ್ತು, 2007ರ ಕೊನೆಯಲ್ಲಷ್ಟೇ ಬ್ರಾಡ್‌ಗೇಜಿನ ಪ್ರಯಾಣಿಕ ರೈಲು ಬಂತು. ಆ ಹಳೆಯ ಕಾಲವನ್ನೇ ಮಾಡಬೇಕೆನ್ನುವವರಿಗೆ ಯುರೋಪಿನ ಮೀಟರ್‌ಗೇಜ್ ಮಾದರಿಗಳಿಗೆಂದು ತಯಾರಾಗುವ 12 ಮಿಲಿಮೀಟರ್ ಹಳಿ ಎಚ್‌ಒ ಅಳತೆಗೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಆದರೆ ಎಂಜಿನ್ನಿನ ಮೈಯನ್ನು ಸ್ವಂತ ಕೈಯಿಂದ ಕಟ್ಟಬೇಕಾದೀತು.

ಎನ್ ಅಳತೆಗೆ ಅತ್ಯಂತ ಅನುಕೂಲದ ಮೇಜು ಎಂದರೆ ಒಂದು ಸಾಧಾರಣ ಫ್ಲಶ್ ಡೋರ್. ಆರೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲದ ಬಾಗಿಲು ಎಂದರೆ 1981 ಮತ್ತು 762 ಮಿಲಿಮೀಟರ್. ಕಾಟೋ ಕಂಪನಿಯ ಯೂನಿಟ್ರ್ಯಾಕ್‌ನ 348 ಮಿಲಿಮೀಟರ್ ತ್ರಿಜ್ಯದ ತಿರುವನ್ನು ಅದರ ಮೇಲಿಟ್ಟರೆ ಎರಡೂ ಅಂಚಿಗೆ ಮೂರು ಸೆಂಟಿಮೀಟರಿನಷ್ಟು ಜಾಗ ಉಳಿಯುತ್ತದೆ, ಉದ್ದದ ಬದಿಯಲ್ಲಿ 1.2 ಮೀಟರ್ ನೇರ ಹಳಿ ಸಿಗುತ್ತದೆ. ಅಷ್ಟರಲ್ಲಿ ನಾಲ್ಕು ಬೋಗಿಯ ರೈಲು ನಿಲ್ಲುವ ಲೂಪ್ ಬಿಗಿಯಾಗಿ ಹಿಡಿಸುತ್ತದೆ. ಮೂರು ಪಟ್ಟಿನ ಲೆಕ್ಕಕ್ಕೆ ಎನ್‌ನಲ್ಲಿ 400 ಮಿಲಿಮೀಟರ್ ಬೇಕಿತ್ತು, ಇರುವುದು 348. ರೈಲು ತಿರುಗುತ್ತದೆ, ನೋಡಲು ಮಾತ್ರ ಅಷ್ಟು ಚೆನ್ನಾಗಿರುವುದಿಲ್ಲ. ಮಲೆನಾಡು ನೆರವಿಗೆ ಬರುವುದು ಇಲ್ಲಿ: ಬಾಗಿಲಿನ ಉದ್ದಕ್ಕೂ ನಡುವೆ ಗುಡ್ಡದ ಏಣು ಎಬ್ಬಿಸಿ, ಎರಡೂ ತುದಿಯ ತಿರುವುಗಳನ್ನು ಸುರಂಗದೊಳಗೆ ಅಡಗಿಸಿದರೆ ಮುಂದಿನ ಅರ್ಧದಲ್ಲಿ ನಿಲ್ದಾಣ, ಹಿಂದಿನ ಅರ್ಧದಲ್ಲಿ ಕಣ್ಣಿಗೆ ಬೀಳದ ಎರಡು ಲೈನುಗಳು ಉಳಿಯುತ್ತವೆ. ಹಿಂದಿನ ಲೈನಿನಲ್ಲಿ ನಿಂತ ರೈಲು ಸುಬ್ರಹ್ಮಣ್ಯ ರೋಡ್‌ನಲ್ಲೂ ಇರಬಹುದು, ಹಾಸನದಲ್ಲೂ ಇರಬಹುದು. ಅಡಗಿಸಿದ ಹಳಿಗೆ ಕೈ ತಲುಪುವಂತೆ ಹಿಂಬದಿಯನ್ನು ತೆರೆದೇ ಇಡುವುದು ಕಡ್ಡಾಯ. ರೈಲು ಹಳಿ ತಪ್ಪುವುದು ಯಾವಾಗಲೂ ಸುರಂಗದೊಳಗೇ.

ನಿಲ್ದಾಣದಲ್ಲಿ ಮೂರು ಪಾಯಿಂಟ್ ಸಾಕು: ಲೂಪಿಗೆ ಎರಡು, ಘಾಟಿಯ ಕಡೆಯ ತುದಿಯಲ್ಲಿ ಬ್ಯಾಂಕರ್ ಸೈಡಿಂಗಿಗೆ ಒಂದು. ಅವುಗಳಿಗೆ ಮೋಟಾರ್ ಹಾಕುವ ಅಗತ್ಯವಿಲ್ಲ, ಎರಡೂವರೆ ಅಡಿಯೊಳಗೆ ಎಲ್ಲಕ್ಕೂ ಕೈ ಎಟುಕುತ್ತದೆ.

ಏರು ಬೇಡವೇ ಎಂದು ಕೇಳಬಹುದು. ಘಾಟಿಯ ಕಡಿದಾದ ಏರು 50ಕ್ಕೆ 1, ಅಂದರೆ ಶೇಕಡ 2. ಮಾದರಿ ರೈಲಿಗೂ ಹಿತವಾದ ಏರು ಅದೇ. ಆದರೆ ಒಂದು ಹಳಿ ಇನ್ನೊಂದರ ಮೇಲೆ ಹಾದುಹೋಗಲು ಎನ್‌ನಲ್ಲಿ ಸುಮಾರು 50 ಮಿಲಿಮೀಟರ್ ಎತ್ತರ ಬೇಕು, ಶೇಕಡ 2ರಲ್ಲಿ ಅದಕ್ಕೆ ಎರಡೂವರೆ ಮೀಟರ್ ಹತ್ತಬೇಕು, ಮತ್ತೆ ಅಷ್ಟೇ ಇಳಿಯಬೇಕು. ನಮ್ಮ ಬಾಗಿಲಿನ ಒಂದು ಸುತ್ತೇ ನಾಲ್ಕೂವರೆ ಮೀಟರ್. ನಿಲ್ದಾಣದ ಸಮತಟ್ಟನ್ನು ಕಳೆದರೆ ಲೆಕ್ಕ ಕೂಡುವುದಿಲ್ಲ. ಹಳಿಯನ್ನು ಮಟ್ಟವಾಗಿಯೇ ಹಾಸಿ, ಅದರ ಪಕ್ಕದ ನೆಲವನ್ನು ಕಣಿವೆಯಾಗಿ ಇಳಿಸಿದರೆ ಕಣ್ಣಿಗೆ ಏರಿನ ಭ್ರಮೆ ತಾನಾಗಿ ಬರುತ್ತದೆ.

ತಂತಿ ಮತ್ತು ನಾಣ್ಯ

ಡಿಸಿಸಿಗೆ ಎರಡೇ ತಂತಿ ಸಾಕು ಎಂಬ ಜಾಹೀರಾತಿನ ಮಾತು ಅರ್ಧ ನಿಜ. ಸ್ವಿಚ್‌ಗಳ ಗೊಂದಲ ಹೋಗುತ್ತದೆ, ಆದರೆ ಆ ಎರಡು ತಂತಿಗಳು ಗಟ್ಟಿಯಾಗಿರಬೇಕು. ನಾನು ಮೊದಲ ಮಾದರಿ ಕಟ್ಟಿದಾಗ ಮನೆಯಲ್ಲಿದ್ದ ಹಳೆಯ ಕಂಪ್ಯೂಟರ್ ಕೇಬಲಿನ ಸಣ್ಣ ಎಳೆಗಳನ್ನೇ ಬಳಸಿ, ಇಡೀ ಸುತ್ತಿಗೆ ಒಂದೇ ಕಡೆ ಜೋಡಿಸಿ, ಉಳಿದದ್ದನ್ನು ಹಳಿಗಳ ನಡುವಿನ ಜಾಯಿನರ್‌ಗಳಿಗೆ ಬಿಟ್ಟಿದ್ದೆ. ರೈಲು ಓಡಿತು. ಒಂದು ಸಂಜೆ ಸುರಂಗದೊಳಗೆ ಎಂಜಿನ್ ಹಳಿ ತಪ್ಪಿ ಎರಡು ಹಳಿಗಳನ್ನು ಕೂಡಿಸಿತು. ಹಳಿಗೆ ಶಕ್ತಿ ಕೊಡುವ ಬೂಸ್ಟರ್ ಎಂಬ ಭಾಗ ವಿದ್ಯುತ್ ಕಡಿತಗೊಳಿಸಬೇಕಿತ್ತು, ಕಡಿತಗೊಳಿಸಲಿಲ್ಲ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು ಹುಡುಕುವಷ್ಟರಲ್ಲಿ ಚಕ್ರದ ಬಳಿಯ ಚೌಕಟ್ಟು ಕರಗಿ ಬಾಗಿತ್ತು.

ಲೆಕ್ಕ ಸರಳ. ನಾನು ಬಳಸುತ್ತಿದ್ದ ಬೂಸ್ಟರ್ 5 ಆಂಪಿಯರ್ ದಾಟಿದಾಗ ಮಾತ್ರ ಶಾರ್ಟ್ ಎಂದು ತಿಳಿಯುವಂಥದು. ಸಣ್ಣ ತಂತಿ ಮತ್ತು ಸಡಿಲ ಜಾಯಿನರ್‌ಗಳು ಸೇರಿ ದಾರಿಯಲ್ಲಿ 5 ಓಮ್ ತಡೆ ಇದ್ದರೆ, 15 ವೋಲ್ಟ್‌ಗೆ ಹರಿಯುವುದು 3 ಆಂಪಿಯರ್ ಮಾತ್ರ. ಬೂಸ್ಟರಿನ ದೃಷ್ಟಿಯಲ್ಲಿ ಅದು ಆರೇಳು ಎಂಜಿನ್ ಓಡುತ್ತಿರುವ ಹಾಗೆ ಕಾಣುತ್ತದೆ. ನಿಜದಲ್ಲಿ 45 ವ್ಯಾಟ್ ಶಾಖ, ಅಂದರೆ ಒಂದು ಬೆಸುಗೆ ಕಡ್ಡಿಯಷ್ಟು ಬಿಸಿ, ಜಾಯಿನರ್‌ಗಳಲ್ಲೂ ಚಕ್ರದ ಬುಡದಲ್ಲೂ ಹಂಚಿಹೋಗುತ್ತಿರುತ್ತದೆ. ಮನೆಯ ವೈರಿಂಗಿಗೆ ಬಳಸುವ, ಅಂಗಡಿಯಲ್ಲಿ ಒಂದೂವರೆ ಎಂಎಂ ಎಂದು ಕೇಳಿದರೆ ಕೊಡುವ 1.5 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು ಬಾಗಿಲಿನ ಅಡಿಯಲ್ಲಿ ಬೆನ್ನೆಲುಬಿನಂತೆ ಎಳೆದರೆ, ಹತ್ತು ಮೀಟರಿಗೆ ಅದರ ತಡೆ 0.12 ಓಮ್‌ನಷ್ಟೇ. ಅದರಿಂದ ಪ್ರತಿ ಮೂರು ಅಡಿಗೊಮ್ಮೆ, ಸಾಧ್ಯವಾದರೆ ಪ್ರತಿ ತುಂಡು ಹಳಿಗೂ, ಸಣ್ಣ ತಂತಿಯಿಂದ ಸಂಪರ್ಕ ಕೊಡಬೇಕು. ಜಾಯಿನರ್ ಹಳಿಗಳನ್ನು ನೇರವಾಗಿ ಹಿಡಿಯಲಿ, ವಿದ್ಯುತ್ ಹೊರುವ ಕೆಲಸವನ್ನು ಅದಕ್ಕೆ ಒಪ್ಪಿಸಬಾರದು. ಎಲ್ಲ ಮುಗಿದ ಮೇಲೆ ಒಂದು ರೂಪಾಯಿ ನಾಣ್ಯವನ್ನು ಹಳಿಗಳ ಮೇಲೆ ಅಡ್ಡಲಾಗಿ ಇಡುತ್ತಾ ಸುತ್ತೂ ಬರಬೇಕು. ಇಟ್ಟಲ್ಲೆಲ್ಲ ತಕ್ಷಣ ವಿದ್ಯುತ್ ಕಡಿತವಾದರೆ ಸರಿ. ಎಲ್ಲಾದರೂ ಕಡಿತವಾಗದಿದ್ದರೆ ಅಲ್ಲಿ ಇನ್ನೊಂದು ಸಂಪರ್ಕ ಬೇಕೆಂದು ಅರ್ಥ.

ಕೆಲವು ಬಗೆಯ ಪಾಯಿಂಟ್‌ಗಳು ತಾವು ತಿರುಗಿರುವ ಕಡೆಗೆ ಮಾತ್ರ ವಿದ್ಯುತ್ ಬಿಡುತ್ತವೆ. ಡಿಸಿಯಲ್ಲಿ ಇದು ವರ, ಡಿಸಿಸಿಯಲ್ಲಿ ಸೈಡಿಂಗಿನ ಬ್ಯಾಂಕರ್ ದೀಪ ಆರಿ ಮೌನವಾಗುತ್ತದೆ. ಅದರಾಚೆಗೆ ಹಳಿಯಲ್ಲಿ ನಿರೋಧಕ ಜಾಯಿನರ್ ಹಾಕಿ ಪ್ರತ್ಯೇಕ ಸಂಪರ್ಕ ಕೊಟ್ಟರೆ ಸರಿಹೋಗುತ್ತದೆ. ರೈಲು ಹೋದ ದಾರಿಯಲ್ಲೇ ತಿರುಗಿ ಬರುವ ಕುಣಿಕೆಯಾಕಾರದ ಲೂಪ್ ಮಾಡಿದರೆ ಎಡ ಹಳಿ ಬಲ ಹಳಿಗೇ ಬಂದು ಸೇರಿ ಶಾರ್ಟ್ ಆಗುತ್ತದೆ. ಅದಕ್ಕೆ ಆಟೋ ರಿವರ್ಸರ್ ಎಂಬ ಸಾಧನವಿದೆ, ನಮ್ಮ ನಕ್ಷೆಗೆ ಅದು ಬೇಕಿಲ್ಲ.

ಮಲೆನಾಡಿನ ಮಳೆಗಾಲಕ್ಕೆ ಇನ್ನೆರಡು ಮಾತು. ಹಳಿ ನಿಕಲ್ ಸಿಲ್ವರ್ ಆಗಿರಲಿ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದು ತಾಮ್ರ, ನಿಕಲ್, ಸತುವಿನ ಮಿಶ್ರಲೋಹ. ಉಕ್ಕಿನ ಹಳಿ ಜುಲೈ ಮುಗಿಯುವಷ್ಟರಲ್ಲಿ ತುಕ್ಕು ಹಿಡಿಯುತ್ತದೆ, ಹಿತ್ತಾಳೆಯ ಮೇಲೆ ವಿದ್ಯುತ್ತನ್ನು ತಡೆಯುವ ಪದರ ಕಟ್ಟುತ್ತದೆ. ಬಾಗಿಲಿನ ಆರೂ ಬದಿಗೆ ಬಣ್ಣ ಅಥವಾ ವಾರ್ನಿಷ್ ಬಳಿದು ತೇವ ಹೀರದಂತೆ ಮಾಡಬೇಕು. ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು, ಉಪ್ಪು ಕಾಗದದಿಂದ ಉಜ್ಜಿದರೆ ಗೀರುಗಳಲ್ಲಿ ಕೊಳೆ ಬೇಗ ಸೇರುತ್ತದೆ.

ಬ್ಯಾಂಕರಿಗೆ ಹೆಸರಿಡುವುದು

ಡಿಕೋಡರ್ ಕಾರ್ಖಾನೆಯಿಂದ ಬರುವಾಗ ವಿಳಾಸ 3 ಆಗಿರುತ್ತದೆ. ಎಂಜಿನ್ನಿನ ನಂಬರನ್ನೇ ವಿಳಾಸವಾಗಿಡುವುದು ಅಮೆರಿಕದವರ ಪದ್ಧತಿ, ಆದರೆ ಡಿಸಿಸಿಯ ಉದ್ದ ವಿಳಾಸ 10239ಕ್ಕೆ ನಿಲ್ಲುತ್ತದೆ, ಗೂಡ್ಸ್ ಎಳೆಯುವ ನಮ್ಮ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್‌ಗಳ ನಂಬರ್ 12001ರಿಂದ ಆರಂಭವಾಗುತ್ತದೆ. ಕೊನೆಯ ನಾಲ್ಕು ಅಂಕಿಗಳನ್ನು ಇಟ್ಟುಕೊಂಡರೆ ಸಾಕು. ಎಂಜಿನ್ ಕೊಳ್ಳುವಾಗಲೇ ಡಿಕೋಡರ್ ಕೂರಿಸಿದ್ದು ಅಥವಾ ಅದಕ್ಕೆ ಸಾಕೆಟ್ ಇರುವುದು ಸಿಕ್ಕರೆ ಒಳ್ಳೆಯದು. ಹಳೆಯ ಎನ್ ಎಂಜಿನ್‌ಗಳ ಒಳಗೆ ಲೋಹದ ಚೌಕಟ್ಟೇ ತುಂಬಿರುವುದರಿಂದ ಅದನ್ನು ಅರದಿಂದ ಕೊರೆಯುವ ಕೆಲಸ ಹೊಸಬರಿಗಲ್ಲ.

ಡಿಕೋಡರಿನ ಸ್ವಭಾವವನ್ನು ಸಿವಿ ಎಂಬ ಅಂಕಣಗಳಲ್ಲಿ ಬರೆದಿಡಲಾಗುತ್ತದೆ. 2ನೆಯದು ಚಲನೆ ಆರಂಭವಾಗುವ ವೋಲ್ಟೇಜ್, 3 ಮತ್ತು 4 ವೇಗ ಏರುವ, ಇಳಿಯುವ ನಿಧಾನ, 5 ಗರಿಷ್ಠ ವೇಗ, 6 ನಡುವಿನ ವೇಗ. ಬ್ಯಾಂಕರ್ ಮಾದರಿಯಲ್ಲಿ ಇವು ನಿರ್ಣಾಯಕ. ಮುಂದಿನದಕ್ಕಿಂತ ಹಿಂದಿನ ಎಂಜಿನ್ ವೇಗವಾದರೆ ಹಗುರವಾದ ಬೋಗಿಗಳು ತಿರುವಿನಲ್ಲಿ ಹೊರಕ್ಕೆ ಹಾರುತ್ತವೆ. ಎರಡನ್ನೂ ಖಾಲಿ ಸುತ್ತಿನಲ್ಲಿ ಒಂದು ಮೀಟರ್ ದೂರವಿಟ್ಟು ಒಂದೇ ವೇಗಕ್ಕೆ ಹೊಂದಿಸಿ ಬಿಟ್ಟು, ಆ ಅಂತರ ಕುಗ್ಗುತ್ತದೆಯೇ ಹಿಗ್ಗುತ್ತದೆಯೇ ನೋಡುತ್ತಾ 2, 6, 5ನೆಯ ಅಂಕಣಗಳನ್ನು ತಿದ್ದಬೇಕು. ಬ್ಯಾಂಕರ್ ಕೂದಲೆಳೆಯಷ್ಟು ನಿಧಾನವಾಗಿರುವುದೇ ಲೇಸು. 3 ಮತ್ತು 4ನೆಯ ಅಂಕಣಗಳಲ್ಲಿ ಎರಡಕ್ಕೂ ಹೊರಡುವ, ನಿಲ್ಲುವ ಕಾಲ ಒಂದೇ ಆಗುವಂತೆ ನೋಡಿಕೊಂಡ ಮೇಲೆ 19ನೆಯ ಅಂಕಣದಲ್ಲಿ ಎರಡಕ್ಕೂ ಒಂದೇ ಜೋಡಿ ವಿಳಾಸ ಬರೆದರೆ ಘಾಟಿ ಏರುವಾಗ ಒಂದೇ ಥ್ರಾಟಲ್‌ಗೆ ಎರಡೂ ಓಡುತ್ತವೆ. ನಿಲ್ದಾಣಕ್ಕೆ ಬಂದ ಮೇಲೆ ಅದನ್ನು 0 ಮಾಡಿದರೆ ಬ್ಯಾಂಕರ್ ಮತ್ತೆ ಸ್ವತಂತ್ರ. ಕೊಂಡಿ ಬಿಡಿಸಲು ಹಳಿಯ ನಡುವೆ ಅಯಸ್ಕಾಂತವಿಡುವ ವ್ಯವಸ್ಥೆಗಳಿವೆ. ಬ್ಯಾಂಕರಿನ ಮುಂಭಾಗದ ಕೊಂಡಿಯನ್ನೇ ತೆಗೆದು ಸುಮ್ಮನೆ ಒತ್ತಿ ತಳ್ಳಲು ಬಿಟ್ಟರೂ ನಡೆಯುತ್ತದೆ.

29ನೆಯ ಅಂಕಣವನ್ನು ಮರೆಯಬಾರದು. ಸಾಮಾನ್ಯವಾಗಿ ಅದರಲ್ಲಿ 6 ಇರುತ್ತದೆ, ಅಂದರೆ ಎಂಜಿನ್ ಹಳೆಯ ಡಿಸಿಯಲ್ಲೂ ಓಡಲು ಸಿದ್ಧ. ಕರೆಂಟ್ ಹೋಗಿ ಬರುವ ಊರಿನಲ್ಲಿ, ವಿದ್ಯುತ್ ಮರಳಿದ ಕ್ಷಣದಲ್ಲಿ ಹಳಿಗೆ ಒಂದು ಗಳಿಗೆ ನೇರ ವೋಲ್ಟೇಜ್ ಸಿಕ್ಕರೆ ಅಂಥ ಎಂಜಿನ್ ಯಾರ ಅಪ್ಪಣೆಗೂ ಕಾಯದೆ ಪೂರ್ತಿ ವೇಗದಲ್ಲಿ ಹಾರುತ್ತದೆ. ಅಲ್ಲಿ 2 ಬರೆದರೆ, ಉದ್ದ ವಿಳಾಸ ಇಟ್ಟವರು 38ರ ಬದಲು 34 ಬರೆದರೆ, ಆ ಅಭ್ಯಾಸ ನಿಲ್ಲುತ್ತದೆ. ಹೀಗೆ ತಿದ್ದಿದ ಅಂಕಿಗಳನ್ನೆಲ್ಲ ಎಂಜಿನ್‌ವಾರು ಒಂದು ಹಾಳೆಯಲ್ಲಿ ಬರೆದು ಬಾಗಿಲಿನ ಅಡಿಗೆ ಅಂಟಿಸಿಡಬೇಕು, ಏಕೆಂದರೆ ಹೆಚ್ಚಿನ ಡಿಕೋಡರ್‌ಗಳು 8ನೆಯ ಅಂಕಣಕ್ಕೆ 8 ಬರೆದರೆ ಎಲ್ಲವನ್ನೂ ಮರೆತು ಮತ್ತೆ 3ನೆಯ ವಿಳಾಸಕ್ಕೆ ಹಿಂದಿರುಗುತ್ತವೆ, ಮತ್ತು ಒಂದಲ್ಲ ಒಂದು ದಿನ ಹಾಗೆ ಬರೆಯಬೇಕಾದ ಸಂದರ್ಭ ಬಂದೇ ಬರುತ್ತದೆ.